ವಿಶ್ರಾಂತಿ: ಏಳು ನಿಮಿಷ

ಮೂವತ್ತನಾಲ್ಕು ವರ್ಷ ಒಂದು ಸಾರಿಗೆ ಕಚೇರಿಯಲ್ಲಿ ಕೂತು ಬಸ್ಸುಗಳ ವೇಳಾಪಟ್ಟಿ ಬರೆದವನು ನಾನು. ಮೈಸೂರಿನಿಂದ ಗುಂಡ್ಲುಪೇಟೆಗೆ ಹೊರಟ ಬಸ್ಸು ನಂಜನಗೂಡಿನಲ್ಲಿ ಐದು ನಿಮಿಷ ನಿಲ್ಲಬೇಕೋ ಏಳು ನಿಮಿಷವೋ ಎಂಬುದನ್ನು ತೀರ್ಮಾನಿಸುತ್ತಿದ್ದುದು ನನ್ನ ಪೆನ್ನು. ಬಸ್ಸುಗಳು ಆ ಪ್ರಕಾರ ಓಡುತ್ತಿದ್ದವೇ ಎಂದು ನೀವು ಕೇಳಬಾರದು. ಬರೆಯುವುದು ನಮ್ಮ ಕೆಲಸ, ಓಡಿಸುವುದು ಡಿಪೋದವರದು.

ಇಂಥವನ ಕೈಗೆ ಮಗ ಹಡಗಿನ ಟಿಕೆಟ್ ಕೊಟ್ಟ. 2019ರಲ್ಲಿ ನಾನೂ ನನ್ನ ಹೆಂಡತಿಯೂ ನ್ಯೂಜೆರ್ಸಿಯ ಅವನ ಮನೆಯಲ್ಲಿ ಆರು ತಿಂಗಳು ಇದ್ದೆವು. ನಮ್ಮ ಮದುವೆಯಾಗಿ ಮೂವತ್ತೈದು ವರ್ಷ ತುಂಬುವ ಲೆಕ್ಕದಲ್ಲಿ ಅವನೂ ಸೊಸೆಯೂ ಸೇರಿ ಅಕ್ಟೋಬರ್‌ಗೆ ಏಳು ರಾತ್ರಿಯ ಪ್ರಯಾಣ ಬುಕ್ ಮಾಡಿದ್ದರು. ಬೇಯೋನ್ ಬಂದರಿನಿಂದ ಹೊರಟು ಒಂದು ದಿನ ಬರೀ ಸಮುದ್ರ. ಆಮೇಲೆ ದಿನಕ್ಕೊಂದು ಊರು: ಬಾಸ್ಟನ್, ಮೇಯ್ನ್ ರಾಜ್ಯದ ಬಾರ್ ಹಾರ್ಬರ್, ಕೆನಡಾದ ಸೇಂಟ್ ಜಾನ್, ಹ್ಯಾಲಿಫ್ಯಾಕ್ಸ್. ಮತ್ತೊಂದು ದಿನ ಸಮುದ್ರ, ವಾಪಸ್ ಬೇಯೋನ್.

"ಆಗ ಆ ಕಡೆ ಮರಗಳ ಎಲೆಯೆಲ್ಲ ಕೆಂಪು, ಹಳದಿ ಆಗಿರುತ್ತೆ ಅಮ್ಮಾ. ನೋಡೋಕೆ ಜನ ಮುಗಿಬೀಳ್ತಾರೆ" ಅಂದ ಮಗ.

"ಎಲೆ ಉದುರೋದನ್ನ ನೋಡೋಕೂ ದುಡ್ಡು ಕೊಡಬೇಕೇನೋ?" ಅಂದಳು ಇವಳು. ಮೈಸೂರಿನ ನಮ್ಮ ಮನೆ ಮುಂದೆ ಒಂದು ಕಾಡುಬಾದಾಮಿ ಮರ ಇದೆ. ಅದರ ಎಲೆಗಳೂ ಉದುರುವ ಮುಂಚೆ ಕೆಂಪಗಾಗುತ್ತವೆ. ಇಪ್ಪತ್ತು ವರ್ಷದಿಂದ ಅದನ್ನು ಗುಡಿಸಿ ಗುಡ್ಡೆ ಹಾಕುತ್ತಿರುವವಳಿಗೆ ಎಲೆಯ ಬಣ್ಣದ ಬಗ್ಗೆ ಕಾವ್ಯವೇನೂ ಉಳಿದಿರಲಿಲ್ಲ. ಮಗ ವಿಜ್ಞಾನ ಹೇಳಿದ. ಚಳಿ ಬಂದು ಹಗಲು ಕಡಿಮೆಯಾದಾಗ ಎಲೆಯ ಹಸಿರು ಕರಗುತ್ತದೆ, ಒಳಗೆ ಮೊದಲಿಂದಲೂ ಇದ್ದ ಹಳದಿ ಆಗ ಈಚೆಗೆ ಕಾಣುತ್ತದೆ, ಕೆಂಪು ಮಾತ್ರ ಹೊಸದಾಗಿ ತಯಾರಾಗುವುದು ಅಂತ. ಇವಳು ನನ್ನ ಕಡೆ ತಿರುಗಿ, "ರಿಟೈರ್ ಆದ ಮೇಲೆ ಗಂಡಸರ ಒಳಗಿನ ಬಣ್ಣ ಕಾಣುತ್ತಲ್ಲ, ಹಾಗೆ" ಅಂದಳು. ಸೊಸೆ ನಕ್ಕದ್ದು ಕೊಂಚ ಜಾಸ್ತಿಯೇ ಆಯಿತು.

ಟಿಕೆಟ್ಟಿನಲ್ಲಿ ಹಡಗು ಪ್ರತಿ ಬಂದರಿಗೆ ಬರುವ ಹೊತ್ತು, ಬಿಡುವ ಹೊತ್ತು ಅಚ್ಚಾಗಿತ್ತು. ಅದನ್ನು ನೋಡಿದ್ದೇ ಮೂರು ವರ್ಷದಿಂದ ನಿದ್ದೆಯಲ್ಲಿದ್ದ ನನ್ನ ಬಲಗೈ ಎದ್ದು ಕೂತಿತು. ಡ್ರಾಯಿಂಗ್ ಶೀಟು, ಮರದ ಸ್ಕೇಲು, ನಾಲ್ಕು ಬಣ್ಣದ ಪೆನ್ನು ತರಿಸಿದೆ. "ಅಪ್ಪಾ, ಎಕ್ಸೆಲ್ ಇದೆ" ಅಂದ ಮಗ. ಎಕ್ಸೆಲ್ಲಿನಲ್ಲಿ ತಪ್ಪಾದರೆ ಗೊತ್ತಾಗುವುದಿಲ್ಲ ಮಗು, ಕಾಗದದಲ್ಲಿ ತಪ್ಪಾದರೆ ಹೊಡೆದು ಬರೆದದ್ದು ಕಾಣುತ್ತದೆ, ಅದೇ ಆಡಳಿತ, ಅಂದೆ. ಕಾಲಂ ಎಳೆದೆ: ಬಂದರು, ಆಗಮನ, ನಿರ್ಗಮನ, ಸ್ಥಳ, ರನ್ನಿಂಗ್ ಟೈಮು, ನಿಲುಗಡೆ, ಷರಾ.

ಹಡಗಿನವರೇ ದಡದ ಮೇಲೆ ಬಸ್ಸಿನಲ್ಲಿ ಕರೆದುಕೊಂಡು ಹೋಗುವ ಟೂರುಗಳಿದ್ದವು. ದುಡ್ಡು ಜಾಸ್ತಿ. ಆದರೆ ಆ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನಾವಾಗಿ ಸುತ್ತಲು ಹೋಗಿ ತಡವಾದರೆ ಹಡಗು ಶಿಳ್ಳೆ ಹಾಕಿಕೊಂಡು ಹೊರಡುತ್ತದೆ, ನಾವು ಸ್ವಂತ ಖರ್ಚಿನಲ್ಲಿ ಮುಂದಿನ ಊರಿಗೆ ಹೋಗಿ ಹಿಡಿಯಬೇಕು. "ಟೂರೇ ತಗೊಳ್ಳಿ ಮಾವ, ನೆಮ್ಮದಿ" ಅಂದಳು ಸೊಸೆ. ಕನೆಕ್ಷನ್ ಬಸ್ಸಿನ ಲೆಕ್ಕಾಚಾರವನ್ನು ನನಗೆ ಹೇಳಿಕೊಡುವುದೇ? ಒಂದೂ ಟೂರು ಬೇಡ ಅಂದುಬಿಟ್ಟೆ.

ನ್ಯೂಜೆರ್ಸಿಯಿಂದ ಹೊರಟು ನ್ಯೂಜೆರ್ಸಿಗೇ ಬರುವ ಹಡಗು ಕೆನಡಾಕ್ಕೆ ಯಾಕೆ ಹೋಗಬೇಕು ಎಂಬುದನ್ನೂ ಈ ಸಂದರ್ಭದಲ್ಲಿ ಕಂಡುಹಿಡಿದೆ. ಅಮೆರಿಕದಲ್ಲಿ 1886ರ ಒಂದು ಕಾನೂನಿದೆ. ಪರದೇಶದ ಬಾವುಟದ ಹಡಗು ಜನರನ್ನು ಹತ್ತಿಸಿಕೊಂಡು ಬರೀ ಅಮೆರಿಕದ ಬಂದರುಗಳನ್ನೇ ಸುತ್ತಿಸಿ ಇಳಿಸುವ ಹಾಗಿಲ್ಲ, ನಡುವೆ ಒಂದಾದರೂ ಹೊರದೇಶದ ಬಂದರು ಮುಟ್ಟಬೇಕು. ನನಗೆ ತಕ್ಷಣ ಅರ್ಥವಾಯಿತು. ಕಾಂಟ್ರಾಕ್ಟ್ ಕ್ಯಾರೇಜ್ ಪರ್ಮಿಟ್ ಇಟ್ಟುಕೊಂಡು ಸ್ಟೇಜ್ ಕ್ಯಾರೇಜ್ ಓಡಿಸಬಾರದು ಅನ್ನುವ ನಮ್ಮ ನಿಯಮದ ದೊಡ್ಡಪ್ಪ ಇದು. ಆ ದೊಡ್ಡಪ್ಪನ ದೆಸೆಯಿಂದ ನಮ್ಮ ಭಾರತದ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಬೇಕಾಯಿತು. ಅಮೆರಿಕದ ವೀಸಾಕ್ಕೆ ಕೊಟ್ಟ ಫೋಟೊ ಎರಡಿಂಚು ಚೌಕ, ಕೆನಡಾಕ್ಕೆ 35 ಮಿಲಿಮೀಟರ್ ಅಗಲ, 45 ಎತ್ತರ. ನೆರೆಹೊರೆಯ ದೇಶಗಳು, ಅದೇ ಮುಖ, ಅಳತೆ ಮಾತ್ರ ಬೇರೆ.

ಶೀಟು ತುಂಬಿಸಲು ಹನ್ನೊಂದು ದಿನ ಹಿಡಿಯಿತು. ಊಟದ ಮೇಜಿನ ಮೇಲೆ ಹರಡಿದೆ. ಇವಳು ಕನ್ನಡಕ ಹಾಕಿಕೊಂಡು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓದಿದಳು.

"ಇದರಲ್ಲಿ ಕೂತ್ಕೊಳೋದು ಎಲ್ಲಿದೆ?"

ನೋಡಿದೆ. ನಿಜವಾಗಿಯೂ ಎಲ್ಲೂ ಇರಲಿಲ್ಲ. ತಪ್ಪನ್ನು ಒಪ್ಪಿಕೊಳ್ಳುವವನೇ ದೊಡ್ಡ ಅಧಿಕಾರಿ. ಹಸಿರು ಪೆನ್ನು ತೆಗೆದುಕೊಂಡು ಹ್ಯಾಲಿಫ್ಯಾಕ್ಸ್ ಸಾಲಿನ ಕೊನೆಯಲ್ಲಿ ಜಾಗ ಮಾಡಿ ಬರೆದೆ. ವಿಶ್ರಾಂತಿ: 7 ನಿಮಿಷ.

ಬಾಸ್ಟನ್‌ನಲ್ಲಿ ಫ್ರೀಡಂ ಟ್ರೇಲ್ ಅಂತ ಒಂದು ವ್ಯವಸ್ಥೆ ಇದೆ. ಬಾಸ್ಟನ್ ಕಾಮನ್ ಎಂಬ ಹಳೇ ಮೈದಾನದಿಂದ ಹೊರಟು ಎರಡೂವರೆ ಮೈಲಿ ಉದ್ದಕ್ಕೆ ನೆಲದ ಮೇಲೆ ಕೆಂಪು ಗೆರೆ ಹೋಗುತ್ತದೆ, ಕೆಲವು ಕಡೆ ಬಣ್ಣ, ಕೆಲವು ಕಡೆ ಇಟ್ಟಿಗೆ. ಅದರ ಹಿಂದೆ ಹೋದರೆ ಹದಿನಾರು ಚಾರಿತ್ರಿಕ ಜಾಗಗಳು ತಾವಾಗಿ ಸಿಗುತ್ತವೆ. ಅಮೆರಿಕದಲ್ಲಿ ನಾನು ಕಂಡ ಅತ್ಯಂತ ಬುದ್ಧಿವಂತ ಕೆಲಸ ಇದೇ. ಒಂದು ಊರನ್ನೇ ಬಸ್ ರೂಟ್ ಮಾಡಿಬಿಟ್ಟಿದ್ದಾರೆ. ಜಾಗಕ್ಕೆ ಒಂಬತ್ತು ನಿಮಿಷ ನಿಲುಗಡೆ ಹಾಕಿದ್ದೆ.

ಮೂರನೇ ಜಾಗದವರೆಗೂ ರೈಟ್ ರೈಟ್. ಅಲ್ಲಿಂದ ನಾನು ಇಟ್ಟಿಗೆಯ ಮೇಲೇ ಕಣ್ಣಿಟ್ಟು ಚುರುಕಾಗಿ ನಡೆದೆ. ಇವಳು ಹಿಂದಿನಿಂದ "ರೀ, ರೀ" ಅನ್ನುತ್ತಿದ್ದಳು. ಕೇಳಿಸಿದರೂ ತಿರುಗಲಿಲ್ಲ, ಎರಡು ನಿಮಿಷ ಲೇಟಾಗಿತ್ತು. ಇಟ್ಟಿಗೆ ಒಂದು ಏರು ಹತ್ತಿತು, ಎಡಕ್ಕೆ ತಿರುಗಿತು, ಐದು ಮೆಟ್ಟಿಲು ಮೇಲೇರಿ ಒಂದು ಕಪ್ಪು ಬಾಗಿಲ ಮುಂದೆ ನಿಂತಿತು. ಬಾಗಿಲ ಪಕ್ಕ ಕುಂಬಳಕಾಯಿ. ಇದು ಯಾವ ಸ್ವಾತಂತ್ರ್ಯ ಯೋಧರ ಮನೆ ಎಂದು ಶೀಟು ನೋಡುತ್ತಿರುವಾಗ ಬಾಗಿಲು ತೆಗೆದು ನಾಯಿ ಹಿಡಿದ ಒಬ್ಬ ಹೆಂಗಸು ಈಚೆಗೆ ಬಂದು, ಯಾರು ಬೇಕಿತ್ತು ಅಂದರು. ಆಮೇಲೆ ತಿಳಿಯಿತು, ಬಾಸ್ಟನ್ನಿನ ಹಳೇ ಬೀದಿಗಳ ಫುಟ್‌ಪಾತೆಲ್ಲ ಇಟ್ಟಿಗೆಯದೇ. ಗೆರೆ ಎಲ್ಲೋ ಬಲಕ್ಕೆ ಹೋಗಿತ್ತು, ನಾನು ಒಬ್ಬರ ಸಂಸಾರದೊಳಕ್ಕೆ ಹೋಗಿದ್ದೆ.

ಓಲ್ಡ್ ಸೌತ್ ಮೀಟಿಂಗ್ ಹೌಸ್ ತಲುಪುವ ಹೊತ್ತಿಗೆ ಇಪ್ಪತ್ತಾರು ನಿಮಿಷ ಹಿಂದೆ ಬಿದ್ದಿದ್ದೆವು. 1773ರ ಡಿಸೆಂಬರ್‌ನಲ್ಲಿ ಜನ ಸಭೆ ಸೇರಿ, ಅಲ್ಲಿಂದ ಬಂದರಿಗೆ ಹೋಗಿ, ಈಸ್ಟ್ ಇಂಡಿಯಾ ಕಂಪನಿಯ ಟೀ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದದ್ದು ಇಲ್ಲಿಂದಲೇ. 342 ಪೆಟ್ಟಿಗೆ ಎಂದು ಓದಿ ಹೇಳಿದೆ.

"ಅಷ್ಟೂ ಟೀಪುಡಿನಾ? ಯಾರೂ ತಡೀಲಿಲ್ವಾ?" ಎಂದು ಇವಳು ನಿಜವಾಗಿಯೂ ಸಂಕಟಪಟ್ಟಳು. ಅದೇ ಕಂಪನಿ ಕಣೇ ನಮ್ಮ ಶ್ರೀರಂಗಪಟ್ಟಣದವರೆಗೂ ಬಂದದ್ದು ಅಂದೆ. ಕಾರ್ನ್‌ವಾಲಿಸ್ 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೈನ್ಯ ಒಪ್ಪಿಸಿ ಶರಣಾದವನು. ಹನ್ನೊಂದು ವರ್ಷದ ಮೇಲೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ತೆಗೆದುಕೊಂಡು ಹೋದ. ಇಲ್ಲಿ ಫೇಲಾದವನಿಗೆ ಅಲ್ಲಿಗೆ ವರ್ಗ ಮಾಡಿದ್ದರು. ನಮ್ಮ ಇಲಾಖೆಯಲ್ಲೂ ಹೀಗೇ. ಈ ಸಂಗತಿಯನ್ನು ವಿಸ್ತಾರವಾಗಿ ವಿವರಿಸಿದ್ದರಿಂದ ಇನ್ನೂ ಹನ್ನೊಂದು ನಿಮಿಷ ಹೋಯಿತು. ಕೊನೆಯ ಜಾಗ ಬಂಕರ್ ಹಿಲ್ ಸ್ಮಾರಕ, 294 ಮೆಟ್ಟಿಲು. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಇದ್ಯಾವ ಲೆಕ್ಕ ಎಂದು ಷರಾ ಬರೆದಿದ್ದೆ. ಬೆಟ್ಟ ಹತ್ತಿದ್ದು 1988ರಲ್ಲಿ ಎಂಬುದು ಮಂಡಿಗೆ ನೆನಪಿತ್ತು. ಕೆಳಗಿನಿಂದಲೇ ಕೈಮುಗಿದು ಬಂದೆವು. ದಾರಿಯಲ್ಲಿ ಇವಳು ಎರಡು ಮೇಪಲ್ ಎಲೆ ಆರಿಸಿಕೊಂಡು, ಒಂದಿಷ್ಟು ನೋಡಿ, "ನಮ್ಮ ಬಾದಾಮಿಗಿಂತ ಚೆನ್ನಾಗಿದೆ ಅಂತ ಏನಿಲ್ಲ" ಎಂದು ಬ್ಯಾಗಿಗೆ ಹಾಕಿಕೊಂಡಳು.

ಮರುದಿನ ಬಾರ್ ಹಾರ್ಬರ್. ನನ್ನ ಶೀಟಿನ ಕಿರೀಟ ಅದು. ಅಲ್ಲಿ ಊರಿಗೂ ಎದುರಿನ ಬಾರ್ ಐಲೆಂಡಿಗೂ ನಡುವೆ ಸಮುದ್ರ ಇಳಿದಾಗ ಜಲ್ಲಿಕಲ್ಲಿನ ದಾರಿಯೊಂದು ಮೇಲೆದ್ದು ಕಾಣುತ್ತದೆ. ಇಳಿತದ ಗಳಿಗೆಗೆ ಒಂದೂವರೆ ಗಂಟೆ ಮುಂಚೆ, ಒಂದೂವರೆ ಗಂಟೆ ಆಮೇಲೆ. ಅಷ್ಟರಲ್ಲಿ ನಡೆದು ಹೋಗಿ ನಡೆದು ಬರಬೇಕು. ಬರದಿದ್ದರೆ ಮುಂದಿನ ಇಳಿತದವರೆಗೂ ದ್ವೀಪದ ಪ್ರಜೆ. ಆಮೇಲೆ ಅಕೇಡಿಯಾ ರಾಷ್ಟ್ರೀಯ ಉದ್ಯಾನದ ಕ್ಯಾಡಿಲಾಕ್ ಬೆಟ್ಟ, 1,530 ಅಡಿ. ಎಲ್ಲಕ್ಕೂ ನಿಮಿಷ ಹಾಕಿದ್ದೆ. ಆ ಬಂದರಿನಲ್ಲಿ ದೊಡ್ಡ ಹಡಗು ದಡಕ್ಕೆ ಹೋಗುವುದಿಲ್ಲ. ಕೊಲ್ಲಿಯಲ್ಲಿ ಲಂಗರು ಹಾಕಿ ಚಿಕ್ಕ ದೋಣಿಗಳಲ್ಲಿ ಜನರನ್ನು ಇಳಿಸುತ್ತಾರೆ.

ಬೆಳಿಗ್ಗೆ ಏಳಕ್ಕೆ ಕ್ಯಾಪ್ಟನ್ ಮೈಕಿನಲ್ಲಿ ಬಂದ. ದೂರದ ಯಾವುದೋ ಬಿರುಗಾಳಿಯ ಅಲೆ ಇಲ್ಲಿಯವರೆಗೂ ಬರುತ್ತಿದೆ, ಕ್ಷಮೆ ಇರಲಿ, ಟೆಂಡರ್ ರದ್ದಾಗಿದೆ.

"ಏನಂತೆ?" ಎಂದಳು ಇವಳು, ಹೊದಿಕೆಯೊಳಗಿಂದ.

"ಟೆಂಡರ್ ಕ್ಯಾನ್ಸಲ್ಲಂತೆ."

"ಇಲ್ಲೂ ಇದೇನಾ?"

ನನಗೂ ಹಾಗೇ ಅನ್ನಿಸಿತ್ತು. ದುಡಿದ ಅಷ್ಟೂ ವರ್ಷ ಟೆಂಡರ್ ಅಂದರೆ ಟೈರು, ಬ್ಯಾಟರಿ, ಬಸ್‌ಸ್ಟ್ಯಾಂಡಿನ ಕ್ಯಾಂಟೀನು. ಅದು ರದ್ದಾದರೆ ಮರುಟೆಂಡರ್ ಕರೆಯುತ್ತಾರೆ, ಮೂರು ತಿಂಗಳು ಹಿಡಿಯುತ್ತದೆ, ನಡುವೆ ಯಾರಾದರೂ ಕೋರ್ಟಿಗೆ ಹೋಗುತ್ತಾರೆ. ಹೊರಗೆ ಬಂದು ವಿಚಾರಿಸಿದಾಗ ಗೊತ್ತಾಯಿತು, ಜನರನ್ನು ದಡಕ್ಕೆ ಸಾಗಿಸುವ ಆ ಚಿಕ್ಕ ದೋಣಿಗೇ ಇವರು ಟೆಂಡರ್ ಅನ್ನುವುದು. ಮರುಟೆಂಡರ್ ಉಂಟೇ ಎಂದು ಕೌಂಟರಿನ ಹುಡುಗಿಯನ್ನು ಕೇಳಿದೆ. ಇಲ್ಲ ಸರ್, ಹಡಗು ಈಗಲೇ ಹೊರಡುತ್ತೆ, ಇವತ್ತು ಬಿಂಗೊ ಇದೆ ಅಂದಳು.

ಕ್ಯಾಡಿಲಾಕ್ ಬೆಟ್ಟವನ್ನು ಹತ್ತನೇ ಮಹಡಿಯಿಂದ ನೋಡಿದೆವು. ಅರ್ಧ ಮೋಡ, ಕೆಳಗಡೆ ಒಂದಿಷ್ಟು ಕಿತ್ತಳೆ ಬಣ್ಣ. ನಿಲುಗಡೆ: ನಾಲ್ಕು ನಿಮಿಷ. (2022ರಲ್ಲಿ ಆ ಊರಿನವರು ದಿನಕ್ಕೆ ಸಾವಿರ ಜನಕ್ಕಿಂತ ಹೆಚ್ಚು ಹಡಗಿನವರು ಇಳಿಯಬಾರದು ಎಂದು ಮತ ಹಾಕಿದರಂತೆ. ಅಷ್ಟರಲ್ಲಿ ಇಳಿದವರ ಲೆಕ್ಕದಲ್ಲಿ ನಾವಿಬ್ಬರು ಇಲ್ಲ ಎಂಬುದು ದಾಖಲೆಗೆ.)

ಹಡಗಿನ ಊಟದ ಮೇಜಿನಲ್ಲಿ ನಮ್ಮ ಜೊತೆ ಓಹಾಯೋದ ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ ಇದ್ದರು. ಸಜ್ಜನರು. ಅವರು ಒಂದು ಸಮುದ್ರಪ್ರಾಣಿಯನ್ನು ಕ್ರ್ಯಾಕರಿನಿಂದ ಒಡೆದು ತಿನ್ನುವಾಗ ನಾವು ಅನ್ನ ಮತ್ತು ದಾಲಿಗೆ ಚಟ್ನಿಪುಡಿ ಕಲಸಿಕೊಳ್ಳುತ್ತಿದ್ದೆವು. ಆ ರಾತ್ರಿ ಅವರು, ನಾಳೆ ಸೇಂಟ್ ಜಾನ್‌ನಲ್ಲಿ ಏನು ನೋಡಬೇಕೋ ತಿಳಿಯದು ಅಂದರು. ಇಂಥ ಮಾತನ್ನು ನನ್ನ ಮುಂದೆ ಯಾರೂ ಆಡಬಾರದು. ಜೇಬಿನಿಂದ ಶೀಟು ತೆಗೆದು ಪ್ಲೇಟುಗಳ ನಡುವೆ ಬಿಡಿಸಿದೆ.

ಸೇಂಟ್ ಜಾನ್ ಊರಿನ ವಿಶೇಷ ಅಂದರೆ ಹಿಂದಕ್ಕೆ ಹರಿಯುವ ನದಿ. ಊರು ಫಂಡಿ ಕೊಲ್ಲಿಯ ದಡದಲ್ಲಿದೆ. ಆ ಕೊಲ್ಲಿಯ ಉಬ್ಬರವಿಳಿತದಷ್ಟು ದೊಡ್ಡದು ಜಗತ್ತಿನಲ್ಲಿ ಬೇರೆಡೆ ಸಿಗುವುದು ಕಷ್ಟ. ಕೊಲ್ಲಿಯ ತುದಿಯಲ್ಲಿ ಹದಿನಾರು ಮೀಟರ್‌ವರೆಗೂ ಏರುವುದುಂಟು, ಸೇಂಟ್ ಜಾನ್‌ನಲ್ಲಿ ಸುಮಾರು ಎಂಟೂವರೆ. ಸಮುದ್ರ ಇಳಿದಾಗ ನದಿ ಇಕ್ಕಟ್ಟಾದ ಬಂಡೆಗಳ ನಡುವೆ ಕೆಳಕ್ಕೆ ಧುಮುಕುತ್ತದೆ. ಸಮುದ್ರ ಏರಿದಾಗ ಅದೇ ಬಂಡೆಗಳ ಮೇಲೆ ನೀರು ನದಿಯನ್ನು ನೂಕಿಕೊಂಡು ಒಳಕ್ಕೆ ನುಗ್ಗುತ್ತದೆ. ರಿವರ್ಸಿಂಗ್ ಫಾಲ್ಸ್. ನಾನು ಉಬ್ಬರದ ಪಟ್ಟಿ ತೆಗೆದು ಲೆಕ್ಕ ಹಾಕಿದ್ದೆ. ಬೆಳಿಗ್ಗೆ ಹತ್ತಕ್ಕೆ ತುಂಬು ಉಬ್ಬರ. ಅದಾಗಿ ಎರಡು ಗಂಟೆ ಇಪ್ಪತ್ತೈದು ನಿಮಿಷದವರೆಗೂ ನದಿ ಹಿಂದಕ್ಕೇ ಹರಿಯುತ್ತದೆ. ಅಂದರೆ 12:25ರವರೆಗೆ. ಮೊದಲು ಪೇಟೆ, 11:30ಕ್ಕೆ ಜಲಪಾತ. ಐವತ್ತೈದು ನಿಮಿಷ ಕೈಯಲ್ಲಿ. ಮೇಷ್ಟ್ರು ಕೈಕುಲುಕಿ, ನೀವು ಜೊತೆಗಿರುವುದು ನಮ್ಮ ಪುಣ್ಯ ಅಂದರು. ಇವಳು ಮಜ್ಜಿಗೆ ಅಂದುಕೊಂಡು ಮತ್ಯಾವುದನ್ನೋ ಕುಡಿಯುತ್ತಿದ್ದಳು, ಏನೂ ಅನ್ನಲಿಲ್ಲ.

ಬೆಳಿಗ್ಗೆ ಊರಿನ ಸಿಟಿ ಮಾರ್ಕೆಟ್ಟಿಗೆ ಹೋದೆವು. 1876ರದ್ದು. ತಲೆಯೆತ್ತಿ ನೋಡಿದರೆ ಚಾವಣಿಯ ತೊಲೆಗಳು ಬೋರಲು ಹಾಕಿದ ಹಡಗಿನ ಪಕ್ಕೆಲುಬಿನ ಹಾಗೆ. ಹಡಗು ಕಟ್ಟಿ ಕೈ ಪಳಗಿದ್ದ ಊರು, ಮನೆ ಕಟ್ಟು ಅಂದರೂ ಹಡಗನ್ನೇ ಕಟ್ಟಿದ್ದಾರೆ. ನಮ್ಮ ದೇವರಾಜ ಮಾರ್ಕೆಟ್ಟಿನ ವಾಸನೆ ಇಲ್ಲ, ಕೂಗಾಟ ಇಲ್ಲ, ಆದರೂ ಇವಳ ನಡಿಗೆ ತಾನಾಗಿ ನಿಧಾನವಾಯಿತು. ಅಲ್ಲೊಂದು ಅಂಗಡಿಯಲ್ಲಿ ನೇರಳೆ ಮಿಶ್ರಿತ ಕಂದು ಬಣ್ಣದ, ಸುಕ್ಕುಗಟ್ಟಿದ ಒಣ ಎಲೆಗಳನ್ನು ರಾಶಿ ಹಾಕಿದ್ದರು. ಡಲ್ಸ್ ಅಂತ ಹೆಸರು. ಸಮುದ್ರದ ಬಂಡೆ ಮೇಲೆ ಬೆಳೆಯುವ ಪಾಚಿ, ಬಿಸಿಲಲ್ಲಿ ಒಣಗಿಸಿ ಹಾಗೇ ಬಾಯಿಗೆ ಹಾಕಿಕೊಳ್ಳುತ್ತಾರೆ.

"ಇದು ವೆಜ್ಜಾ, ನಾನ್‌ವೆಜ್ಜಾ?" ಎಂದು ಇವಳು ನನ್ನನ್ನು ಕೇಳಿದಳು.

ಕಠಿಣ ಪ್ರಶ್ನೆ. ಗಿಡದ ಜಾತಿ, ಆದರೆ ಸಮುದ್ರದಲ್ಲಿ ವಾಸ. ಸಹವಾಸ ಯಾರದೋ ಏನೋ. ಅಂಗಡಿಯವನು ಒಂದು ಚೂರು ಕೊಟ್ಟ. ಇವಳು ಮೂಸಿದಳು, ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡಳು, ಅಗಿದಳು, ಮತ್ತೆ ಅಗಿದಳು. ಬೇಯದ ಹಪ್ಪಳವನ್ನು ಉಪ್ಪಿನಕಾಯಿ ಜಾಡಿಯಲ್ಲಿ ಮರೆತುಬಿಟ್ಟರೆ ಹೀಗಾಗಬಹುದು ಅಂದಳು. ಅದು ಟೀಕೆ ಅಂದುಕೊಂಡೆ. ಒಂದು ಪೊಟ್ಟಣ ಕೊಂಡಳು. ಮೇಷ್ಟ್ರ ಹೆಂಡತಿಗೂ ಒಂದು ಕೊಡಿಸಿದಳು. ಎಚ್‌ಎಂಟಿ ಜನತಾ ನೋಡಿಕೊಂಡು ಎಲ್ಲರನ್ನೂ ಹೊರಡಿಸಿದೆ. ಕೆಲಸಕ್ಕೆ ಸೇರಿದ ವರ್ಷ, 1982ರಲ್ಲಿ, ಕೊಂಡ ಗಡಿಯಾರ ಅದು, ದಿನಾ ಬೆಳಿಗ್ಗೆ ಕೀ ಕೊಡುವಂಥದ್ದು. ಮೊಬೈಲನ್ನು ಸೊಸೆ ಹಡಗು ಹತ್ತುವಾಗಲೇ ಏರೋಪ್ಲೇನ್ ಮೋಡಿಗೆ ಹಾಕಿಕೊಟ್ಟಿದ್ದಳು. ತೆಗೆದರೆ ಸ್ಯಾಟಲೈಟಿನವರು ಮನೆ ಬರೆಸಿಕೊಳ್ಳುತ್ತಾರೆ ಎಂದು ಹೆದರಿಸಿದ್ದಳು.

ಟ್ಯಾಕ್ಸಿ ಮಾಡಿಕೊಂಡು ಸೇತುವೆ ಪಕ್ಕದ ಕಟ್ಟೆ ಮೇಲೆ ಹೋಗಿ ನಿಂತಾಗ ಜನತಾದಲ್ಲಿ ಸರಿಯಾಗಿ 11:30. ಮೇಷ್ಟ್ರು ಕ್ಯಾಮೆರಾ ತೆಗೆದರು.

ನೀರು ನಿಂತಿತ್ತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕುಕ್ಕರಹಳ್ಳಿ ಕೆರೆ ಬೆಳಗಿನ ಜಾವ ಇರುವ ಹಾಗೆ. ಎದುರು ದಡದಲ್ಲಿ ಕಾಗದದ ತಿರುಳು ಮಾಡುವ ಕಾರ್ಖಾನೆ ಹೊಗೆ ಬಿಡುತ್ತಿತ್ತು, ಅಲ್ಲಿ ಅದೊಂದೇ ಚಲಿಸುತ್ತಿದ್ದುದು. ಒಂದು ನೀರುಕಾಗೆ ಬಂಡೆಯ ಮೇಲೆ ರೆಕ್ಕೆ ಒಣಹಾಕಿಕೊಂಡು ನಮ್ಮನ್ನು ನೋಡಿತು.

"ಹಿಂದಕ್ಕೆ ಹೋಗ್ತಿದೆಯೇನ್ರೀ?" ಎಂದಳು ಇವಳು, ಡಲ್ಸ್ ಅಗಿಯುತ್ತ.

"ಇರು, ಸೂಕ್ಷ್ಮವಾಗಿ ನೋಡಬೇಕು."

ಸೂಕ್ಷ್ಮವಾಗಿ ನೋಡಿದೆವು, ನಾಲ್ಕು ಜನವೂ. ಒಂದು ಕಡ್ಡಿ ತೇಲುತ್ತಿತ್ತು. ಐದು ನಿಮಿಷದಲ್ಲಿ ಅದು ಒಂದು ಸುತ್ತು ಸುತ್ತಿ ಇದ್ದಲ್ಲಿಗೇ ಬಂತು. ಅಷ್ಟರಲ್ಲಿ ಟೋಪಿ ಹಾಕಿಕೊಂಡಿದ್ದ ಸ್ಥಳೀಯರೊಬ್ಬರು ಹತ್ತಿರ ಬಂದು, ಅದೃಷ್ಟವಂತರು ನೀವು, ಸರಿಯಾಗಿ ಸ್ಲ್ಯಾಕ್ ಹೊತ್ತಿಗೆ ಬಂದಿದ್ದೀರಿ ಅಂದರು. ನದಿ ದಿಕ್ಕು ಬದಲಿಸುವ ಮುಂಚೆ ಇಪ್ಪತ್ತು ನಿಮಿಷ ಹೀಗೆ ನಿಲ್ಲುತ್ತದೆ, ದೋಣಿಗಳು ದಾಟುವುದೂ ಈ ಹೊತ್ತಿನಲ್ಲೇ ಅಂತೆ. ನಾನು ಮೇಷ್ಟ್ರ ಕಡೆ ತಿರುಗಿ, ನೋಡಿದಿರಾ, ಇದನ್ನು ತೋರಿಸಲೆಂದೇ ಈ ಟೈಮು ಹಾಕಿದ್ದು ಅಂದೆ. ಮೇಷ್ಟ್ರು ನಿಂತ ನೀರಿನ ಆರು ಫೋಟೊ ತೆಗೆದುಕೊಂಡರು. ಇವಳು ನನ್ನನ್ನು ನೋಡಿದಳು. ಆ ನೋಟ ಗೊತ್ತಿರುವ ಗಂಡಸರಿಗೆ ವಿವರಣೆ ಬೇಡ, ಗೊತ್ತಿಲ್ಲದವರು ಮದುವೆಯಾಗಲಿ.

ವಾಪಸ್ ಬರುವಾಗ ಟ್ಯಾಕ್ಸಿಯ ಡ್ಯಾಶ್‌ಬೋರ್ಡಿನಲ್ಲಿ ಕಂಡಿತು: 1:05. ನನ್ನ ಕೈಯಲ್ಲಿ 12:05. ಅಟ್ಲಾಂಟಿಕ್ ಸಮಯ! ಕೆನಡಾದ ಆ ಭಾಗ ನ್ಯೂಯಾರ್ಕಿಗಿಂತ ಒಂದು ಗಂಟೆ ಮುಂದೆ. ಉಬ್ಬರದ ಪಟ್ಟಿ ಆ ಊರಿನ ಗಡಿಯಾರದಲ್ಲಿತ್ತು, ನನ್ನ ಶೀಟು ಮಗನ ಮನೆಯ ಗಡಿಯಾರದಲ್ಲಿತ್ತು. ಯಾರಿಗೂ ಹೇಳಲಿಲ್ಲ. ಡ್ರೈವರ್ ತಡ ಮಾಡಿದರೆ ಕಂಡಕ್ಟರ್ ಪ್ರಯಾಣಿಕರಿಗೆ ಹೇಳುತ್ತಾನೆಯೇ?

ಆದರೆ ನಾನು ತಪ್ಪಿನಿಂದ ಕಲಿಯುವವನು. ಮರುದಿನ ಹ್ಯಾಲಿಫ್ಯಾಕ್ಸ್‌ನಲ್ಲಿ ಇಳಿಯುವಾಗ ಮೊದಲ ಕೆಲಸವಾಗಿ ಜನತಾದ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದೆ. ಮೇಷ್ಟ್ರ ದಂಪತಿ, ನಾವು ಮ್ಯೂಸಿಯಂ ನೋಡಿಕೊಳ್ಳು­ತ್ತೇವೆ, ನೀವು ಹೋಗಿ ಬನ್ನಿ ಎಂದು ವಿನಯದಿಂದ ಕಳಚಿಕೊಂಡರು.

ಶೀಟಿನಲ್ಲಿ ಮೊದಲು ಇದ್ದದ್ದು ಫೇರ್‌ವ್ಯೂ ಲಾನ್ ಸ್ಮಶಾನ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಹೆಣ ಹುಡುಕಲು ಹಡಗು ಹೊರಟದ್ದು ಹ್ಯಾಲಿಫ್ಯಾಕ್ಸ್‌ನಿಂದಲೇ. ಸಿಕ್ಕವರಲ್ಲಿ 121 ಜನರನ್ನು ಈ ಒಂದೇ ಸ್ಮಶಾನದಲ್ಲಿ ಹೂಳಿದ್ದಾರೆ. ಕೆಲವು ಕಲ್ಲುಗಳ ಮೇಲೆ ಹೆಸರಿಲ್ಲ, ನಂಬರ್ ಮಾತ್ರ. ಹೇಳುತ್ತಿದ್ದಂತೆ ಇವಳು ಫುಟ್‌ಪಾತಿನಲ್ಲೇ ನಿಂತಳು.

"ಹಡಗಲ್ಲಿ ಬಂದಿರೋರು ಹಡಗು ಮುಳುಗಿ ಸತ್ತವರ ಸಮಾಧಿ ನೋಡಿ, ಮತ್ತೆ ಹಡಗು ಹತ್ತಬೇಕಾ?"

"ಇತಿಹಾಸ ಕಣೇ."

"ಸ್ಮಶಾನಕ್ಕೆ ಹೋಗಿ ಬಂದರೆ ತಲೆಗೆ ಸ್ನಾನ ಮಾಡ್ಬೇಕು. ಆ ಬಚ್ಚಲಲ್ಲಿ ಮೊಣಕೈ ಮಡಿಸೋಕೆ ಜಾಗ ಇಲ್ಲ. ಸಂಜೆ ಯಾರು ಅದರೊಳಗೆ ಹೋಗಿ ಹೆರಳು ಬಿಚ್ಚೋರು?"

ವಾದಕ್ಕೆ ಉತ್ತರವಿರಲಿಲ್ಲ. ಹಡಗಿನ ಬಚ್ಚಲಲ್ಲಿ ಸೋಪು ಬಿದ್ದರೆ ಬಾಗಿಲು ತೆಗೆದು ಈಚೆ ಬಂದು ಬಗ್ಗಬೇಕಿತ್ತು. ಸ್ಮಶಾನ ಹೊಡೆದುಹಾಕಿ ಸಿಟಡೆಲ್ ಕೋಟೆಗೆ ಹೋದೆವು. ಅಲ್ಲಿ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ತೋಪು ಹಾರಿಸುತ್ತಾರೆ. ನಾನು ಮಣಿಕಟ್ಟನ್ನು ಕಣ್ಣಿನ ಮುಂದೆ ಹಿಡಿದು ನಿಂತೆ. ದೊಡ್ಡ ಮುಳ್ಳು ಚಿಕ್ಕ ಮುಳ್ಳಿನ ಮೇಲೆ ಕೂತ ಕ್ಷಣ ಢಂ ಎಂದಿತು. ಇವಳು ಬೆಚ್ಚಿ ನನ್ನ ತೋಳು ಹಿಡಿದುಕೊಂಡಳು. ಮೂವತ್ತೈದು ವರ್ಷದಲ್ಲಿ ನನ್ನ ಟೈಮಿಂಗಿಗೆ ತೋಪು ಹಾರಿಸಿ ಮರ್ಯಾದೆ ಕೊಟ್ಟ ಸರ್ಕಾರ ಅದೊಂದೇ.

ಆ ಹುರುಪಿನಲ್ಲೇ ಟ್ಯಾಕ್ಸಿ ಹಿಡಿದು ಪೆಗ್ಗೀಸ್ ಕೋವ್‌ಗೆ ಹೋದೆವು, ಒಂದು ಗಂಟೆಯ ದಾರಿ. ಬೋಳು ಕಲ್ಲಿನ ದೊಡ್ಡ ಹಾಸು, ಅದರ ಮೇಲೆ ಬಿಳೀ ದೀಪಸ್ತಂಭ, ತುದಿಗೆ ಕೆಂಪು. ಕಪ್ಪಾಗಿರುವ ಬಂಡೆಗಳ ಹತ್ತಿರ ಹೋಗಬೇಡಿ, ಅಲೆ ಎಳೆದುಕೊಂಡು ಹೋಗುತ್ತದೆ ಎಂಬ ಎಚ್ಚರಿಕೆಯ ಬೋರ್ಡು. ಇವಳು ಒಣಗಿದ ಒಂದು ಬೆಳ್ಳಗಿನ ಬಂಡೆ ಹುಡುಕಿ, ಸೆರಗು ಸುತ್ತಿಕೊಂಡು, ಚಪ್ಪಲಿ ಬಿಟ್ಟು ಕೂತಳು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವಳ ಮುಖ ಸಡಿಲವಾಗಿತ್ತು.

"ಇನ್ನೊಂದೈದು ನಿಮಿಷ" ಅಂದಳು. ಕೊಟ್ಟೆ. "ಇನ್ನೊಂದೈದು" ಅಂದಳು. ನಾಲ್ಕನೇ ಐದಕ್ಕೆ ನಾನು ಚಪ್ಪಲಿ ಕೈಗೆತ್ತಿಕೊಂಡೆ. ಹಡಗು ಹತ್ತಲು ಕೊನೆಯ ಹೊತ್ತು 4:30. ಬಿಟ್ಟು ಹೋದರೆ ನಮ್ಮ ಗತಿ ಏನು, ಪೊಟ್ಟಣದ ಪಾಚಿ ತಿಂದುಕೊಂಡು ಹ್ಯಾಲಿಫ್ಯಾಕ್ಸ್‌ನಲ್ಲಿರಬೇಕು ಎಂದು ಹೆದರಿಸಿ ಎಬ್ಬಿಸಿದೆ. ಊರು ಹತ್ತಿರ ಬಂದಾಗ ಟ್ರಾಫಿಕ್. ನಾಲ್ಕು ಗಂಟೆ. ನಾಲ್ಕು ಐದು. ಬಂದರಿನ ಗೇಟಿನಲ್ಲಿ ಇಳಿದದ್ದೇ ಅವಳ ಕೈ ಹಿಡಿದು ಓಡಿಸಿದೆ. ಅರವತ್ತು ದಾಟಿದ ಗಂಡ ಹೆಂಡತಿ, ಒಬ್ಬರ ಕೈಯಲ್ಲಿ ಡ್ರಾಯಿಂಗ್ ಶೀಟು, ಇನ್ನೊಬ್ಬರ ಕೈಯಲ್ಲಿ ಸೀರೆಯ ನೆರಿಗೆ. ಮೇಲಿನ ಮಹಡಿಗಳಿಂದ ಯಾರೋ ಚಪ್ಪಾಳೆ ತಟ್ಟಿದರು. ಹಡಗು ತಪ್ಪಿಸಿಕೊಳ್ಳುವವರು ಓಡಿ ಬರುವುದನ್ನು ನೋಡುವುದು ಹಡಗಿನವರಿಗೆ ಒಂದು ಪುಕ್ಕಟೆ ಮನರಂಜನೆ.

ಏಣಿಯ ಬಳಿಯ ಗಾರ್ಡು ನಮ್ಮ ಕಾರ್ಡು ನೋಡಿದ, ನಮ್ಮ ಏದುಸಿರು ನೋಡಿದ.

"ನಿಧಾನ ಸರ್. ಈಗಿನ್ನೂ 3:10. ನಿಮಗೆ ಇನ್ನೂ ಎಂಬತ್ತು ನಿಮಿಷ ಇದೆ."

ಹಡಗು ತನ್ನ ಗಡಿಯಾರವನ್ನು ಮುಟ್ಟಿಯೇ ಇರಲಿಲ್ಲ. ಊರಿನ ಟೈಮು ಬೇರೆ, ಹಡಗಿನ ಟೈಮು ಬೇರೆ. ಹಡಗಿನದು ಬೇಯೋನ್ ಬಿಟ್ಟಾಗಿನಿಂದಲೂ ನ್ಯೂಯಾರ್ಕಿನದೇ. ಮೊದಲ ದಿನ ಊರಿನ ಟೈಮಿಗೆ ಹಡಗಿನ ಗಡಿಯಾರ ಹಿಡಿದಿದ್ದೆ, ಎರಡನೇ ದಿನ ಹಡಗಿನ ಟೈಮಿಗೆ ಊರಿನದ್ದು.

"ದಿನಾ ರಾತ್ರಿ ಹಾಸಿಗೆ ಮೇಲೆ ಒಂದು ಕಾಗದ ಇಡ್ತಿದ್ರಲ್ಲ" ಎಂದಳು ಇವಳು, ಉಸಿರು ಹತೋಟಿಗೆ ಬಂದ ಮೇಲೆ, "ಅದರಲ್ಲಿ ಮೇಲ್ಗಡೆನೇ ದಪ್ಪಕ್ಷರದಲ್ಲಿತ್ತು, ಹಡಗಿನ ಟೈಮು ಬದಲಾಗಲ್ಲ ಅಂತ."

"ಹೇಳಬಾರದಿತ್ತೇನೇ?"

"ನಿಮ್ಮ ಶೀಟಲ್ಲಿರುತ್ತೆ ಅಂದ್ಕೊಂಡೆ."

ಹಡಗು ಹತ್ತಲು ಅವಳು ಒಪ್ಪಲಿಲ್ಲ. ನೀರಿನ ಪಕ್ಕದ ಮರದ ಹಲಗೆ ದಾರಿಯಲ್ಲಿ ಒಂದು ಬೆಂಚು ಹಿಡಿದು ಕೂತಳು. ಹತ್ತಿರದ ಅಂಗಡಿಯಲ್ಲಿ ಬೀವರ್ ಟೇಲ್ ಅನ್ನುವ ತಿಂಡಿ ಮಾರುತ್ತಿದ್ದರು. ಬೀವರ್ ಅಂದರೆ ಆ ದೇಶದ ನೀರುಪ್ರಾಣಿ, ಟೇಲ್ ಅಂದರೆ ಬಾಲ ಎಂದು ವಿವರಿಸಿ, ಬೇಡ ಅಂದೆ. ಇವಳು ಹೋಗಿ ಬಾಣಲೆ ಇಣುಕಿ ನೋಡಿ ಬಂದಳು. "ಹೆಸರಲ್ಲಿ ಮಾತ್ರ ಬಾಲ. ಉದ್ದಕ್ಕೆ ಎಳೆದ ಬಟೂರ ಅದು, ಮೇಲೆ ಸಕ್ಕರೆ, ದಾಲ್ಚಿನ್ನಿ." ಒಂದು ತಂದು ಇಬ್ಬರೂ ಹರಿದು ತಿಂದೆವು. ಎದುರಿಗೆ ಒಂದು ಸಣ್ಣ ಫೆರ್ರಿ ಆ ದಡಕ್ಕೆ ಹೋಯಿತು, ಈ ದಡಕ್ಕೆ ಬಂತು. ಮೇಷ್ಟ್ರ ದಂಪತಿ ಐಸ್‌ಕ್ರೀಂ ಚೀಪುತ್ತ ಆರಾಮಾಗಿ ನಡೆದು ಬಂದರು, ಇಷ್ಟು ಬೇಗ ಬಂದುಬಿಟ್ಟಿರಾ ಎಂದು ಆಶ್ಚರ್ಯಪಟ್ಟು, ನಮ್ಮ ಪಕ್ಕವೇ ಕೂತರು. ಇವತ್ತೂ ಪ್ಲಾನಾ ಎಂದು ಮೇಷ್ಟ್ರು ಕೇಳಿದರು. ಹೂಂ ಅಂದೆ.

ಅವರು ಹೋದ ಮೇಲೆ ಶೀಟು ತೆಗೆದು ಮಂಡಿಯ ಮೇಲೆ ಬಿಡಿಸಿದೆ. ಮಡಿಕೆಯ ನಡುವೆ ಬಾಸ್ಟನ್ನಿನ ಎರಡು ಮೇಪಲ್ ಎಲೆ ಅಂಟಿಕೊಂಡಿದ್ದವು. ಯಾವಾಗ ಇಟ್ಟಿದ್ದಳೋ. ಕೆಂಪು ಬಣ್ಣ ಕ್ಯಾಡಿಲಾಕ್ ಬೆಟ್ಟದ ರನ್ನಿಂಗ್ ಟೈಮಿನ ಮೇಲೆ ಇಳಿದಿತ್ತು. ಹಸಿರು ಪೆನ್ನಿನಿಂದ 7 ಹೊಡೆದು 80 ಮಾಡಿದೆ.

"ಈ ಸಾಲಲ್ಲಿ ಷರಾ ಕಾಲಂ ಖಾಲಿ ಇದೆಯಲ್ಲ" ಎಂದಳು.

"ನೀನೇ ಬರಿ."

ಪೆನ್ನು ತೆಗೆದುಕೊಂಡು, ಬೆರಳಿನ ಸಕ್ಕರೆಯನ್ನು ಸೆರಗಿಗೆ ಒರೆಸಿಕೊಂಡು, ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ದುಂಡಗಿನ ಅಕ್ಷರದಲ್ಲಿ ಬರೆದಳು: ಬಾಲ ಚೆನ್ನಾಗಿತ್ತು.